ಬಡ್ಜಿಯ ಕೊಕ್ಕಿಗೆ ಬೇಕಾದದ್ದು ಕೆಲಸ

ಮನೆಯಲ್ಲಿ ಬಡ್ಜಿ ಎಂಬ ಪುಟ್ಟ ಗಿಳಿಯನ್ನು ಸಾಕಿರುವವರು ನನ್ನನ್ನು ಕಂಡಾಗ ಸಾಮಾನ್ಯವಾಗಿ ಒಂದು ದೂರು ಹೇಳುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ. ಕ್ಯಾಲೆಂಡರು, ಪರದೆಯ ಅಂಚು, ಪುಸ್ತಕದ ರಟ್ಟು, ಚಾರ್ಜರಿನ ವೈರು, ಹೀಗೆ ಸಿಕ್ಕಿದ್ದನ್ನೆಲ್ಲ ಹಕ್ಕಿ ಕಡಿದುಹಾಕುತ್ತದೆ ಎಂಬುದು ದೂರು. ಅದರ ಕೊಕ್ಕು ಉದ್ದವಾದಂತಿದೆ, ನೇಲ್ ಕಟರಿನಿಂದ ತುದಿಯನ್ನು ಸ್ವಲ್ಪ ತೆಗೆದುಬಿಡಬಹುದೇ ಎಂಬುದು ಪ್ರಶ್ನೆ. ಎರಡಕ್ಕೂ ಸಂಬಂಧವಿದೆ ಎಂದು ಹೆಚ್ಚಿನವರಿಗೆ ಅನ್ನಿಸಿರುವುದಿಲ್ಲ. ಕಡಿಯುವುದನ್ನು ತಡೆಯಬೇಕು, ಕೊಕ್ಕನ್ನು ಕತ್ತರಿಸಬೇಕು ಎಂದು ಹೊರಟರೆ ಹಕ್ಕಿಗೆ ಎರಡು ಕಡೆಯಿಂದಲೂ ಅನ್ಯಾಯವಾಗುತ್ತದೆ. ವರ್ಷಗಳಿಂದ ಈ ಹಕ್ಕಿಗಳ ಜೊತೆ ಬದುಕುತ್ತಿರುವ ನನಗೆ ಖಚಿತವಾಗಿರುವುದು ಇಷ್ಟು: ಆರೋಗ್ಯವಾಗಿರುವ ಬಡ್ಜಿಯ ಕೊಕ್ಕನ್ನು ಯಾರೂ ಕತ್ತರಿಸಬೇಕಾಗಿಲ್ಲ, ಅದಕ್ಕೆ ಕೆಲಸ ಕೊಟ್ಟರೆ ಸಾಕು. ಕೆಲಸ ಕೊಟ್ಟ ಮೇಲೂ ಕೊಕ್ಕು ಬೆಳೆದು ಬಾಗುತ್ತಿದ್ದರೆ ಒಳಗೆಲ್ಲೋ ಕಾಯಿಲೆ ಇರಬಹುದು ಎಂದು ತಿಳಿದು ಕಾರಣ ಹುಡುಕಬೇಕು.

ನಮ್ಮಲ್ಲಿ ಅಂಗಡಿಯವರೂ ಕೊಳ್ಳುವವರೂ ‘ಲವ್ ಬರ್ಡ್ಸ್’ ಎಂದೇ ಕರೆಯುವ ಈ ಪುಟ್ಟ ಗಿಳಿ ಆಸ್ಟ್ರೇಲಿಯಾದ ಒಳನಾಡಿನದು. ಇಂಗ್ಲೆಂಡಿನ ಜಾರ್ಜ್ ಶಾ 1805ರಲ್ಲಿ ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದರು. ಪಕ್ಷಿತಜ್ಞ ಜಾನ್ ಗೂಲ್ಡ್ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದ ಮೇಲೆ ಇದು ಮನೆಮನೆಯ ಹಕ್ಕಿಯಾಯಿತು. ಕಾಡಿನ ಬಡ್ಜಿ ಕೇವಲ 30ರಿಂದ 40 ಗ್ರಾಂ ತೂಗುತ್ತದೆ. ಮಳೆ ಬಿದ್ದ ಕಡೆಗೆ, ಹುಲ್ಲು ತೆನೆಗಟ್ಟಿದ ಕಡೆಗೆ ದೊಡ್ಡ ಹಿಂಡುಗಳಲ್ಲಿ ಅಲೆಯುತ್ತ, ನೆಲದ ಮೇಲೆ ಹುಲ್ಲಿನ ಬೀಜ ಆರಿಸಿ ಸಿಪ್ಪೆ ಸುಲಿದು ತಿನ್ನುತ್ತದೆ. ಗೂಡಿಗೆ ಅದು ನೆಚ್ಚಿಕೊಂಡಿರುವುದು ಮರದ ಪೊಟರೆಗಳನ್ನು, ಅದರಲ್ಲೂ ನೀಲಗಿರಿ ಜಾತಿಯ ಮರಗಳ ಪೊಟರೆಗಳನ್ನು. ಹುಲ್ಲುಕಡ್ಡಿ ತಂದು ಗೂಡು ನೇಯುವ ಅಭ್ಯಾಸ ಇದಕ್ಕಿಲ್ಲ. ಹೆಣ್ಣು ಹಕ್ಕಿ ಪೊಟರೆಯ ಬಾಯನ್ನೂ ಒಳಗಿನ ಮೆದು ಮರವನ್ನೂ ಕಡಿದು ತನಗೆ ಹೊಂದುವಂತೆ ಮಾಡಿಕೊಂಡು, ಆ ಮರದ ಪುಡಿಯ ಮೇಲೆಯೇ ಮೊಟ್ಟೆಯಿಡುತ್ತದೆ. ಪಂಜರದಲ್ಲಿ ಹುಟ್ಟಿ ಬೆಳೆದು ಎಷ್ಟು ತಲೆಮಾರು ಕಳೆದಿದ್ದರೂ ಆ ಕೆಲಸದ ಹಂಬಲ ಕೊಕ್ಕಿನಲ್ಲಿ ಉಳಿದೇ ಇದೆ. ಆದ್ದರಿಂದಲೇ ಗಂಡಿಗಿಂತ ಹೆಣ್ಣು ಹೆಚ್ಚು ಕಡಿಯುತ್ತದೆ. ಮೂಗಿನ ಸುತ್ತಲಿನ ಮೆದು ಪಟ್ಟಿ ಕಂದು ಅಥವಾ ಮಾಸಲು ಬಿಳಿ ಬಣ್ಣವಾಗಿದ್ದರೆ ಅದು ಸಾಮಾನ್ಯವಾಗಿ ಹೆಣ್ಣು, ಬಲಿತ ಗಂಡಿಗೆ ಅದು ನೀಲಿ. ‘ನಮ್ಮ ನೀಲಿ ಮೂಗಿನದು ಸಾಧು, ಕಂದು ಮೂಗಿನದು ತುಂಬ ಹಟಮಾರಿ’ ಎಂದು ಜನ ಹೇಳುವುದರ ಹಿಂದೆ ಬಹುಮಟ್ಟಿಗೆ ಇರುವುದು ಇದೇ.

ನಮ್ಮ ಮನೆಯ ಹೆಣ್ಣು ಹಕ್ಕಿ ಚುಕ್ಕಿಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಕೊಟ್ಟರೆ ಅದು ಸುಮ್ಮನೆ ಹರಿದುಹಾಕುವುದಿಲ್ಲ. ಅಂಚಿನ ಒಂದು ಮೂಲೆಯಲ್ಲಿ ಆರಂಭಿಸಿ, ಕಾಗದವನ್ನು ಕೊಕ್ಕಿನ ಎರಡು ದವಡೆಗಳ ನಡುವೆ ಹಿಡಿದು ಒಂದು ಸಲ ಒತ್ತುತ್ತದೆ, ಅರ್ಧ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿದು ಮತ್ತೆ ಒತ್ತುತ್ತದೆ, ಹೀಗೆ ಉದ್ದಕ್ಕೂ ಸಾಗುತ್ತದೆ. ಕೊನೆಗೆ ಉಳಿಯುವ ಅಂಚು ಅಂಚೆಚೀಟಿಯ ಅಂಚಿನಂತೆ ಸಮನಾದ ತೂತುಗಳ ಸಾಲಾಗಿರುತ್ತದೆ. ಪ್ರತಿ ಒತ್ತಿಗೂ ನಾಲಗೆಯ ದಪ್ಪ ತುದಿ ಕಾಗದವನ್ನು ಮುಟ್ಟಿ ಅಳೆಯುತ್ತದೆ, ಆಮೇಲೆ ಕೆಳಕೊಕ್ಕು ಮೇಲಕ್ಕೆ ಬಂದು ಕತ್ತರಿಸುತ್ತದೆ. ಕೆಲಸ ನಡೆಯುವಾಗ ಕಣ್ಣು ಅರ್ಧ ಮುಚ್ಚಿರುತ್ತದೆ. ಯಾರಾದರೂ ಹತ್ತಿರ ಹೋದರೆ ಹಾಳೆಯನ್ನು ಕಾಲಿನಲ್ಲಿ ಅದುಮಿ ನಿಲ್ಲುತ್ತದೆಯೇ ಹೊರತು ಬಿಟ್ಟುಹೋಗುವುದಿಲ್ಲ. ಇದನ್ನು ಹತ್ತಿರದಿಂದ ನೋಡಿದವರಿಗೆ ಬಡ್ಜಿ ಬೇಸರಕ್ಕೆ ವಸ್ತು ಹಾಳುಮಾಡುತ್ತದೆ ಎಂಬ ಮಾತು ಪೂರ್ತಿ ನಿಜವೆಂದು ಅನ್ನಿಸುವುದಿಲ್ಲ. ಬೇಸರದಿಂದ ಕಡಿಯುವ ಹಕ್ಕಿಗಳೂ ಇವೆ, ಅವು ಒಂದೇ ತಂತಿಯನ್ನು ಗಂಟೆಗಟ್ಟಲೆ ಕಚ್ಚುತ್ತವೆ, ಕೆಲವೊಮ್ಮೆ ತಮ್ಮ ಗರಿಗಳನ್ನೇ ಕಿತ್ತುಕೊಳ್ಳುತ್ತವೆ. ಆದರೆ ಚುಕ್ಕಿ ಮಾಡುವುದು ಕಸುಬಿನ ಕೆಲಸ.

ಇನ್ನು ಕೊಕ್ಕಿನ ರಚನೆಯ ವಿಚಾರ. ಕೊಕ್ಕೆಂದರೆ ಉಗುರಿನಂಥ ಒಂದು ಗಟ್ಟಿ ತುಂಡು ಎಂದು ಅನೇಕರು ತಿಳಿದಿರುತ್ತಾರೆ. ಹೊರಗೆ ಕಾಣುವುದು ಉಗುರಿನದೇ ವಸ್ತುವಾದ ಕೆರಾಟಿನ್ ಎಂಬುದು ನಿಜ. ಆದರೆ ಆ ಪದರದ ಕೆಳಗೆ ಮೂಳೆಯಿದೆ, ಎರಡರ ನಡುವೆ ರಕ್ತನಾಳಗಳೂ ನರಗಳೂ ಹರಡಿಕೊಂಡಿವೆ. ಗಿಳಿಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮ ಅಂಗಗಳ ಗುಂಪೇ ಇದೆ. ಬೀಜ ಜೊಳ್ಳೋ ಗಟ್ಟಿಯೋ, ಜೊತೆಗಾರನ ಕತ್ತಿನ ಗರಿಯನ್ನು ಎಷ್ಟು ಮೃದುವಾಗಿ ಹಿಡಿಯಬೇಕು ಎಂಬುದನ್ನೆಲ್ಲ ಹಕ್ಕಿ ತಿಳಿಯುವುದು ಈ ತುದಿಯಿಂದಲೇ. ಜೊತೆಗೆ ಗಿಳಿಗಳ ಮೇಲ್ಕೊಕ್ಕು ತಲೆಬುರುಡೆಗೆ ಕೀಲಿನಂತೆ ಸೇರಿಕೊಂಡಿದ್ದು ತಾನಾಗಿಯೇ ಮೇಲೆ ಕೆಳಗೆ ಚಲಿಸಬಲ್ಲದು. ಪಂಜರದ ಸರಳನ್ನು ಹಿಡಿದು ಹತ್ತುವಾಗ ಬಡ್ಜಿ ಕೊಕ್ಕನ್ನು ಮೂರನೆಯ ಕಾಲಾಗಿ ಬಳಸುವುದು ಸಾಧ್ಯವಾಗಿರುವುದು ಇದರಿಂದ.

ಕೆರಾಟಿನ್ ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ಅಷ್ಟೇ ವೇಗದಲ್ಲಿ ಸವೆಯುತ್ತಲೂ ಇರಬೇಕು. ಸವೆತದ ದೊಡ್ಡ ಪಾಲು ಕೊಕ್ಕಿಗೆ ಕೊಕ್ಕು ತಾಗುವುದರಿಂದಲೇ ಆಗುತ್ತದೆ. ಮೇಲ್ಕೊಕ್ಕಿನ ಒಳಮೈಯಲ್ಲಿ ಸಣ್ಣ ಅಡ್ಡಗೆರೆಗಳಿವೆ. ಬೀಜವನ್ನು ನಾಲಗೆ ಅಲ್ಲಿಗೆ ಒತ್ತಿಹಿಡಿದಾಗ ಕೆಳಕೊಕ್ಕಿನ ಹರಿತವಾದ ಅಂಚು ಬಂದು ಸಿಪ್ಪೆ ಬಿಡಿಸುತ್ತದೆ, ಬಿಡಿಸುವಾಗಲೇ ಎರಡೂ ಒಂದನ್ನೊಂದು ಹದಮಾಡುತ್ತವೆ. ಸಂಜೆ ದೀಪ ಆರಿಸುವ ಹೊತ್ತಿಗೆ ಪಂಜರದಿಂದ ಕರಕರ ಎಂಬ ಸಣ್ಣ ಸದ್ದು ಕೇಳಿ ಗಾಬರಿಯಾದವರಿದ್ದಾರೆ. ಗರಿ ಉಬ್ಬಿಸಿ, ಒಂದು ಕಾಲು ಮಡಚಿ, ನಿದ್ದೆಗೆ ಜಾರುವ ಮುನ್ನ ಹಕ್ಕಿ ಕೆಳಕೊಕ್ಕನ್ನು ಮೇಲ್ಕೊಕ್ಕಿನ ಒಳಗೆ ಉಜ್ಜುವ ಸದ್ದು ಅದು. ಸಾಮಾನ್ಯವಾಗಿ ನೆಮ್ಮದಿಯಿಂದಿರುವ ಬಡ್ಜಿ ಹೀಗೆ ಮಾಡುತ್ತದೆ, ಮತ್ತು ಕೊಕ್ಕಿನ ಆಕಾರ ಕಾಯುವುದರಲ್ಲಿ ಇದಕ್ಕೂ ಪಾಲಿದೆ. ಮರದ ಕೊಂಬೆ, ತೊಗಟೆ, ಸಮುದ್ರ ನೊರೆ ಎಂಬ ಕಡಲಜೀವಿಯ ಚಿಪ್ಪನ್ನು ಕಡಿಯುವುದು ಹೊರಪದರದ ಹಳೆಯ ಚಕ್ಕೆಗಳನ್ನು ಉದುರಿಸಿ, ತುದಿಯನ್ನು ಹದದಲ್ಲಿಡಲು ನೆರವಾಗುತ್ತದೆ. ಹಾಗಾಗಿ ಕೊಕ್ಕಿನ ಮೇಲೆ ಅಲ್ಲಲ್ಲಿ ತೆಳುವಾದ ಚಕ್ಕೆ ಎದ್ದಿರುವುದನ್ನು ಕಂಡು ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಬೇರೆ ಇದೆ. ಮೇಲ್ಕೊಕ್ಕು ಎದೆಯತ್ತ ಉದ್ದವಾಗಿ ಇಳಿಯುತ್ತಿದ್ದರೆ, ಕೊಕ್ಕಿನಲ್ಲಿ ಅಥವಾ ಉಗುರಿನಲ್ಲಿ ಕಪ್ಪು ಕಂದು ಕಲೆಗಳು ಕಾಣಿಸಿಕೊಂಡರೆ, ಕೊಕ್ಕು ಮೆತ್ತಗಾಗಿ ಸುಲಭವಾಗಿ ಪುಡಿಯಾಗುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಯಕೃತ್ತನ್ನು. ವರ್ಷಾನುಗಟ್ಟಲೆ ಒಣಬೀಜವನ್ನೇ ತಿಂದು, ಸಣ್ಣ ಪಂಜರದಲ್ಲಿ ಹಾರಾಟವಿಲ್ಲದೆ ಬೊಜ್ಜು ಬೆಳೆಸಿಕೊಂಡ ಬಡ್ಜಿಗಳಲ್ಲಿ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುವುದು ತೀರ ಸಾಮಾನ್ಯವಾದ ಕಾಯಿಲೆ. ಕೊಕ್ಕಿನ ವಿಪರೀತ ಬೆಳವಣಿಗೆ ಅದರ ಹೊರಗುರುತು. ಹೀಗಿರುವಾಗ ತುದಿಯನ್ನಷ್ಟೇ ಕತ್ತರಿಸುತ್ತ ಹೋದರೆ ಕೊಕ್ಕು ಮತ್ತೆ ಮತ್ತೆ ಬೆಳೆಯುತ್ತದೆ, ಒಳಗಿನ ರೋಗ ತನ್ನ ಪಾಡಿಗೆ ಮುಂದುವರಿಯುತ್ತದೆ. ಎರಡನೆಯ ಕಾರಣ ನುಸಿ. ತೆಂಗಿನ ಕಾಯಿಗೆ ತಗಲುವ ನುಸಿಯ ದೂರದ ಬಳಗಕ್ಕೆ ಸೇರಿದ, ನೆಮಿಡೊಕಾಪ್ಟೀಸ್ ಎಂಬ ಬರಿಗಣ್ಣಿಗೆ ಕಾಣದ ಜೀವಿ ಬಡ್ಜಿಯ ಮೂಗಿನ ಪಟ್ಟಿ, ಬಾಯಿಯ ಅಂಚು ಮತ್ತು ಕಾಲಿನ ಚರ್ಮವನ್ನು ಕೊರೆದು ಸೇರಿಕೊಳ್ಳುತ್ತದೆ. ಬಾಯಿಯ ಮೂಲೆಯಲ್ಲಿ ಬೂದುಬಿಳಿ ಹಕ್ಕಳೆ, ಅದರೊಳಗೆ ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಂಡರೆ ಅದು ನುಸಿಯೆಂದೇ ತಿಳಿಯಬಹುದು. ಬಿಟ್ಟರೆ ಕೊಕ್ಕು ಬೆಳೆಯುವ ಮೂಲಸ್ಥಾನವೇ ಕೆಟ್ಟು ಕೊಕ್ಕು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಐವರ್ಮೆಕ್ಟಿನ್ ಎಂಬ ಔಷಧಿಯಿಂದ ಇದು ಚೆನ್ನಾಗಿ ಗುಣವಾಗುತ್ತದೆ. ಆದರೆ ದನಕುರಿಗಳಿಗೆಂದು ಔಷಧಿ ಅಂಗಡಿಯಲ್ಲಿ ಸಿಗುವ ದ್ರಾವಣ ಈ ಹಕ್ಕಿಗೆ ಬಹಳ ಪ್ರಬಲವಾದದ್ದು. ಹಕ್ಕಿಯನ್ನು ತೂಗಿ, ದ್ರಾವಣವನ್ನು ತೆಳುಮಾಡಿ ಕೊಡುವುದು ವೈದ್ಯರ ಕೆಲಸ. ಎ ಜೀವಸತ್ವದ ಕೊರತೆ, ಹಳೆಯ ಪೆಟ್ಟು, ಹುಟ್ಟಿನಿಂದಲೇ ಕತ್ತರಿಯಂತೆ ಅಡ್ಡಕ್ಕೆ ಹೋದ ದವಡೆ, ಗಡ್ಡೆ, ಇವೂ ಕಾರಣವಾಗಬಹುದು.

ಮನೆಯಲ್ಲೇ ಕತ್ತರಿಸಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಲೆಕ್ಕವೊಂದಿದೆ. ಹಕ್ಕಿಯ ದೇಹತೂಕದ ಸುಮಾರು ಹತ್ತನೆಯ ಒಂದು ಭಾಗ ರಕ್ತ. 35 ಗ್ರಾಂ ತೂಗುವ ಬಡ್ಜಿಯ ಮೈಯಲ್ಲಿರುವುದು ಹೆಚ್ಚೆಂದರೆ ಮೂರೂವರೆ ಮಿಲಿಲೀಟರ್, ಅಂದರೆ ಒಂದು ಟೀ ಚಮಚ ತುಂಬದಷ್ಟು. ನಮಗೆ ನಾಲ್ಕು ಹನಿ ಎನ್ನಿಸುವುದು ಅದರ ಪಾಲಿಗೆ ದೊಡ್ಡ ನಷ್ಟ. ನೇಲ್ ಕಟರ್ ಒಂದೇ ಕಡೆ ಒತ್ತಡ ಹಾಕುವುದರಿಂದ ಕೊಕ್ಕು ಉದ್ದಕ್ಕೆ ಸೀಳಬಹುದು. ಬೆಳೆದ ಕೊಕ್ಕಿನಲ್ಲಿ ರಕ್ತನಾಳವೂ ಸಾಮಾನ್ಯಕ್ಕಿಂತ ಮುಂದಕ್ಕೆ ಬಂದಿರುತ್ತದೆ. ಇನ್ನು ಹಿಡಿದುಕೊಳ್ಳುವ ಬಗೆ. ಹಕ್ಕಿಗಳಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆ ಇಲ್ಲ, ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಉಸಿರಾಟ. ಒದ್ದಾಡುತ್ತಿದೆಯೆಂದು ಎದೆಯ ಸುತ್ತ ಬಿಗಿಹಿಡಿದರೆ ಕೊಕ್ಕಿಗೆ ಏನೂ ಆಗುವ ಮುಂಚೆಯೇ ಉಸಿರು ನಿಲ್ಲಬಹುದು.

‘ಕೋಳಿ ಫಾರಂನಲ್ಲಿ ಮರಿಗಳ ಕೊಕ್ಕು ಕತ್ತರಿಸುತ್ತಾರಲ್ಲ, ಅವೇನು ಸಾಯುತ್ತವೆಯೇ’ ಎಂದು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಕಾದ ಅಲಗಿನಿಂದ ಕತ್ತರಿಸಿದ ಕೋಳಿಯ ಕೊಕ್ಕಿನಲ್ಲಿ ತುಂಡಾದ ನರಗಳ ತುದಿ ಗಂಟುಕಟ್ಟಿಕೊಂಡು ಬಹುಕಾಲ ನೋವು ಕೊಡುತ್ತದೆ ಎಂಬುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಕೋಳಿ ಸಾಯದೆ ಉಳಿಯುತ್ತದೆ, ಆದರೆ ನೋವಿನಿಂದ ಕುಕ್ಕುವುದನ್ನೇ ಕಡಿಮೆ ಮಾಡುತ್ತದೆ. ಕೊಕ್ಕಿನಿಂದಲೇ ಸಿಪ್ಪೆ ಸುಲಿಯಬೇಕಾದ, ಹತ್ತಬೇಕಾದ, ಸಂಗಾತಿಯನ್ನು ಮುದ್ದಿಸಬೇಕಾದ ಬಡ್ಜಿಗೆ ಅದೇ ಗತಿ ತರಲು ನಮಗೆ ಯಾವ ಕಾರಣವೂ ಇಲ್ಲ.

ನಿಜಕ್ಕೂ ಹೊಂದಿಸಬೇಕಾದ ಸ್ಥಿತಿ ಬಂದಾಗ ಪಕ್ಷಿಗಳ ಅನುಭವವಿರುವ ಪಶುವೈದ್ಯರು ಮಾಡುವುದು ಕತ್ತರಿಸುವ ಕೆಲಸಕ್ಕಿಂತ ಉಜ್ಜುವ ಕೆಲಸ. ಹಕ್ಕಿಯನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ತಲೆಯನ್ನು ಎರಡು ಬೆರಳ ನಡುವೆ ನಿಲ್ಲಿಸಿ, ಎದೆಯನ್ನು ಬಿಡುವಾಗಿಟ್ಟು, ತಿರುಗುವ ಸಣ್ಣ ಉಪಕರಣದಿಂದಲೋ ನಯವಾದ ಅರದಿಂದಲೋ ಸ್ವಲ್ಪ ಸ್ವಲ್ಪವೇ ತೇಯುತ್ತಾರೆ. ತುಂಬ ಬೆಳೆದಿದ್ದರೆ ಒಂದೇ ಸಲಕ್ಕೆ ಮುಗಿಸದೆ ಕೆಲವು ವಾರ ಬಿಟ್ಟು ಮತ್ತೆ ಬರಲು ಹೇಳುತ್ತಾರೆ, ಅಷ್ಟರಲ್ಲಿ ಒಳಗಿನ ರಕ್ತನಾಳ ಹಿಂದಕ್ಕೆ ಸರಿಯಲಿ ಎಂದು. ಒಳ್ಳೆಯ ವೈದ್ಯರು ಕೊಕ್ಕಿಗೆ ಕೈಹಾಕುವ ಮುನ್ನ ಹಕ್ಕಿಯನ್ನು ತೂಗುತ್ತಾರೆ, ಹಿಕ್ಕೆಯ ಬಣ್ಣ ಕೇಳುತ್ತಾರೆ, ಏನು ತಿನ್ನಿಸುತ್ತೀರಿ ಎಂದು ವಿಚಾರಿಸುತ್ತಾರೆ. ಅದನ್ನು ಕೇಳದೆ ನೇರವಾಗಿ ಕತ್ತರಿ ತೆಗೆಯುವವರಲ್ಲಿಂದ ಹಕ್ಕಿಯನ್ನು ವಾಪಸು ತನ್ನಿ ಎಂದು ನಾನು ಹೇಳುತ್ತೇನೆ. ಕೊಕ್ಕು ತೇಯಿಸಿದ ಮೇಲೆ ಒಂದೆರಡು ದಿನ ಗಟ್ಟಿ ಬೀಜ ಸುಲಿಯಲು ಕಷ್ಟವಾಗಬಹುದು, ಆಗ ನೆನೆಸಿದ ನವಣೆ, ಸಣ್ಣಗೆ ಹೆಚ್ಚಿದ ಸೊಪ್ಪು ಒಳ್ಳೆಯದು. ಅಪಘಾತದಲ್ಲಿ ಕೊಕ್ಕಿನ ತುದಿ ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರನ್ನು ಬೆರಳಿನಿಂದ ತುದಿಗೆ ಒತ್ತಿ ಹಿಡಿದು, ಹಕ್ಕಿಯನ್ನು ಕತ್ತಲೆಯ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈಗ ಕೆಲಸ ಕೊಡುವ ವಿಚಾರಕ್ಕೆ ಬರುತ್ತೇನೆ. ನನಗೆ ಇದು ಬಹಳ ಪ್ರಿಯವಾದದ್ದು, ಏಕೆಂದರೆ ಬೇಕಾದದ್ದೆಲ್ಲ ನಮ್ಮ ಸುತ್ತಲೇ ಇದೆ. ಅಂಗಡಿಯ ಪಂಜರದೊಂದಿಗೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ತೆಗೆದು ಸೀಬೆ, ಬೇವು, ಹಿಪ್ಪುನೇರಳೆ, ದಾಸವಾಳದ ಕೊಂಬೆಗಳನ್ನು ತೊಗಟೆಯ ಸಮೇತ ಅಡ್ಡಕ್ಕೆ ಕಟ್ಟಬಹುದು. ನೀಲಗಿರಿಯೂ ಸರ್ವೆಯೂ ಬಡ್ಜಿಯ ತವರಿನ ಮರಗಳೇ. ನಮ್ಮ ಕರಾವಳಿಯ ಉದ್ದಕ್ಕೂ ನೆಟ್ಟಿರುವ ಸರ್ವೆಯ ಎಳೆಯ ಕೊಂಬೆಯೊಂದನ್ನು ಪಂಜರದಲ್ಲಿ ತೂಗುಹಾಕಿದರೆ ಮಧ್ಯಾಹ್ನದೊಳಗೆ ಅದರ ಸೂಜಿಯಂಥ ಎಸಳುಗಳೆಲ್ಲ ನೆಲ ಸೇರುತ್ತವೆ. ಮೈಸೂರು, ರಾಮನಗರ, ಕೋಲಾರದ ಕಡೆಯವರಿಗೆ ಹಿಪ್ಪುನೇರಳೆ ಸುಲಭ. ರೇಷ್ಮೆಹುಳುವಿನ ಮೇವಾದ್ದರಿಂದ ರೈತರು ಅದಕ್ಕೆ ಔಷಧಿ ಹೊಡೆಯುವುದರಲ್ಲಿ ಬಹಳ ಎಚ್ಚರದಿಂದಿರುತ್ತಾರೆ, ಆದರೂ ಕೇಳಿಯೇ ತರಬೇಕು. ಹುಳುಮನೆಯಿಂದ ಹೊರಹಾಕಿದ ಕಡ್ಡಿ ಮಾತ್ರ ಬೇಡ, ಹುಳುಗಳ ಹಾಸಿಗೆಗೆ ಉದುರಿಸುವ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಅದಕ್ಕೆ ಅಂಟಿರುತ್ತದೆ. ಯಾವ ಕೊಂಬೆಯನ್ನಾದರೂ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ ಕೊಡಬೇಕು. ಮಳೆಗಾಲದಲ್ಲಿ ತೊಗಟೆಯ ಕೆಳಗೆ ಬೂಷ್ಟು ಹಿಡಿಯುವುದರಿಂದ ಬೇಗ ಬೇಗ ಬದಲಿಸಬೇಕು. ಕೊಂಬೆಯ ದಪ್ಪ ಒಂದೇ ಸಮನಾಗಿರದಿದ್ದರೆ ಕಾಲಿಗೂ ಒಳ್ಳೆಯದು. ಕೂರುವ ಕಡ್ಡಿಗೆ ಸುತ್ತಲು ಮರಳುಕಾಗದದ ಹೊದಿಕೆ ಮಾರುತ್ತಾರೆ. ಅದು ಕೊಕ್ಕನ್ನು ತೇಯುವುದಿಲ್ಲ, ಅಂಗಾಲನ್ನು ತೇದು ಹುಣ್ಣು ಮಾಡುತ್ತದೆ.

ಸಮುದ್ರ ನೊರೆ ಎಂದು ನಾಟಿ ಔಷಧಿಯವರು ಕರೆಯುವ, ಅಂಗಡಿಯಲ್ಲಿ ಕಟಲ್‌ಬೋನ್ ಎಂದು ಸಿಗುವ ಬಿಳಿಯ ಹಗುರವಾದ ವಸ್ತು ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು. ಬಹುಪಾಲು ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕೊಕ್ಕು ಸವೆಯುವುದಕ್ಕಿಂತ ಹೆಚ್ಚಾಗಿ ಕ್ಯಾಲ್ಸಿಯಂಗಾಗಿ ಅದು ಬೇಕು, ಮೊಟ್ಟೆಯಿಡುವ ಹೆಣ್ಣಿಗಂತೂ ಬೇಕೇ ಬೇಕು. ಮೆದುವಾದ ಮುಖ ಹಕ್ಕಿಯ ಕಡೆಗಿರುವಂತೆ ಕಟ್ಟಬೇಕು, ಗಟ್ಟಿ ಬೆನ್ನನ್ನು ಅದು ಕೆರೆಯಲಾರದು. ಕುಂದಾಪುರದ ಕಡೆಯ ನೆಂಟರು ಕಡಲ ದಂಡೆಯಲ್ಲಿ ಆಯ್ದು ಕಳಿಸುವುದನ್ನು ನಾನು ಕೆಲವು ದಿನ ಸಿಹಿನೀರು ಬದಲಿಸುತ್ತ ನೆನೆಸಿ, ಉಪ್ಪು ಹೋದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಳಸುತ್ತೇನೆ. ಆದರೆ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣ ಇರುವುದಿಲ್ಲವಾದ್ದರಿಂದ, ಬೆಳಗಿನ ಹೊತ್ತು ಪಂಜರವನ್ನು ಅರ್ಧ ನೆರಳಿರುವಂತೆ ಹೊರಗಿಡುವುದು ಒಳ್ಳೆಯದು, ಬೆಕ್ಕು ಕಾಗೆಗಳ ಮೇಲೆ ಕಣ್ಣಿಟ್ಟುಕೊಂಡು.

ಪ್ರಪಂಚದ ಎಲ್ಲೆಡೆ ಬಡ್ಜಿ ಸಾಕುವವರು ಹಣ ಕೊಟ್ಟು ತರಿಸುವ ತೆನೆಯೇ ನಮ್ಮ ನವಣೆಯ ತೆನೆ. ಬಿಡಿಕಾಳಿನ ಬಟ್ಟಲಿಗಿಂತ ಇಡೀ ತೆನೆಯನ್ನು ತೂಗುಹಾಕಿದರೆ ಹಕ್ಕಿ ಹತ್ತಿ, ಜೋತು, ಕಿತ್ತು, ಸುಲಿದು ತಿನ್ನುತ್ತದೆ. ಅದನ್ನು ವಾರಕ್ಕೆ ಒಂದೆರಡು ಸಲದ ವಿಶೇಷವಾಗಿ ಇಟ್ಟುಕೊಳ್ಳಬೇಕು. ನಿತ್ಯದ ಊಟದಲ್ಲಿ ನುಗ್ಗೆ ಸೊಪ್ಪು, ಕೊತ್ತಂಬರಿ, ಮೆಂತ್ಯ, ತುರಿದ ಕ್ಯಾರೆಟ್ ಇರಬೇಕು. ನುಗ್ಗೆಯ ಕಡ್ಡಿಯನ್ನು ಎಲೆಗಳ ಸಮೇತ ಕೊಟ್ಟರೆ ಎ ಜೀವಸತ್ವ ಸಿಗುತ್ತದೆ, ಕೊಕ್ಕಿಗೆ ಕೆಲಸವೂ ಸಿಗುತ್ತದೆ. ತೆಂಗಿನ ಗರಿಯ ಸೀಳು, ಜೋಳದ ಒಣಸಿಪ್ಪೆ, ಬಿದಿರಿನ ಚೂರು, ಅಚ್ಚಿಲ್ಲದ ಕಾಗದ, ಇಷ್ಟಿದ್ದರೆ ಆಟಿಕೆ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಕಡಿಯಲು ಸಿಗಬಾರದವುಗಳ ಪಟ್ಟಿಯಲ್ಲಿ ವಿದ್ಯುತ್ ತಂತಿಯನ್ನು ಎಲ್ಲರೂ ಬಲ್ಲರು. ಅಷ್ಟೇ ಅಪಾಯಕಾರಿಯಾದ ಸತುವನ್ನು ಬಲ್ಲವರು ಕಡಿಮೆ. ಸತು ಲೇಪಿಸಿದ ಅಗ್ಗದ ಜಿ.ಐ. ಜಾಲರಿಯಿಂದ ಪಂಜರ ಮಾಡಿಸುವುದು ನಮ್ಮಲ್ಲಿ ರೂಢಿ. ಹೊಸ ಜಾಲರಿಯ ಮೇಲೆ ಸತುವಿನ ಹನಿಗಳೂ ಬಿಳಿಪುಡಿಯೂ ಉಳಿದಿರುತ್ತವೆ, ದಿನವಿಡೀ ಸರಳು ಕಚ್ಚುವ ಬಡ್ಜಿಯ ಹೊಟ್ಟೆಗೆ ಅವು ಸೇರಿದರೆ ವಾಂತಿ, ಹಸಿರು ನೀರುಹಿಕ್ಕೆ, ನಿಶ್ಶಕ್ತಿ, ಕೊನೆಗೆ ಸೆಳೆತ. ಸ್ಟೇನ್‌ಲೆಸ್ ಸ್ಟೀಲಿನ ಪಂಜರ ದುಬಾರಿಯಾದರೂ ಆ ಚಿಂತೆಯಿಲ್ಲ. ಹಳೆಯ ಮನೆಗಳ ಕಿಟಕಿ ಬಾಗಿಲುಗಳ ಬಣ್ಣವೂ ಹೀಗೆಯೇ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಬಣ್ಣದ ಚಕ್ಕೆ ಎದ್ದ ಕಿಟಕಿಯ ಬಳಿ ಹಕ್ಕಿಯನ್ನು ಬಿಡದಿರುವುದೇ ಕ್ಷೇಮ. ಗಿಡಗಳಲ್ಲಿ ಕಣಗಿಲೆ, ಎಕ್ಕ, ಉಮ್ಮತ್ತಿ, ಲಂಟಾನ, ಬೆಣ್ಣೆಹಣ್ಣಿನ ಗಿಡ ಮತ್ತು ಹಣ್ಣು ಎಲ್ಲವೂ ವಿಷ. ಎಳೆ ಬಿಚ್ಚಿದ ಹಗ್ಗ, ಸಿಂಥೆಟಿಕ್ ದಾರ ನುಂಗಿದರೆ ಗಂಟಲಿನ ಚೀಲದಲ್ಲಿ ಉಂಡೆಗಟ್ಟುತ್ತವೆ, ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲಿಸುತ್ತವೆ.

ಹೆಣ್ಣು ವಿಪರೀತ ಕಡಿಯುತ್ತದೆ, ಒಳ್ಳೆಯದಾಗಲೆಂದು ಗೂಡಿಗೊಂದು ಮಡಕೆ ಕಟ್ಟಿಕೊಡೋಣ ಎಂದು ಕೆಲವರು ಯೋಚಿಸುತ್ತಾರೆ. ಕತ್ತಲೆಯ ಗೂಡು ಕಂಡೊಡನೆ ಅದರ ಮೈ ಮೊಟ್ಟೆಗೆ ಸಿದ್ಧವಾಗುತ್ತದೆ, ಒಂದಾದ ಮೇಲೊಂದು ಮೊಟ್ಟೆಯಿಟ್ಟು ಕ್ಯಾಲ್ಸಿಯಂ ಬರಿದಾಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವ ಹಕ್ಕಿಗಳು ಅನೇಕ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಮಡಕೆ ಬೇಡ. ಕಡಿಯುವ ಹಂಬಲಕ್ಕೆ ತೆರೆದ ಜಾಗದಲ್ಲಿ ತೂಗುವ ಕೊಂಬೆ ಸಾಕು.

ನಾನು ಹಕ್ಕಿಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ವಾರ ಒಂದೇ ಹೊತ್ತಿಗೆ, ಬೆಳಗಿನ ಆಹಾರಕ್ಕೆ ಮುಂಚೆ ತೂಗುತ್ತೇನೆ, ತಿಂಗಳಿಗೊಮ್ಮೆ ಪಕ್ಕದಿಂದ ಕೊಕ್ಕಿನ ಫೋಟೋ ತೆಗೆದಿಡುತ್ತೇನೆ. ದಿನವೂ ನೋಡುವ ಕಣ್ಣಿಗೆ ಕೊಕ್ಕು ಬೆಳೆದದ್ದು ತಿಳಿಯುವುದಿಲ್ಲ, ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಪುಟ್ಟ ಹಕ್ಕಿಗಳು ಕಾಯಿಲೆಯನ್ನು ಬಹಳ ಕಾಲ ಬಚ್ಚಿಡುತ್ತವೆ. ಮೂರು ನಾಲ್ಕು ಗ್ರಾಂ ಇಳಿದರೂ ಅದು ಈ ಮೈಗೆ ಹತ್ತನೆಯ ಒಂದು ಪಾಲು. ವೈದ್ಯರಲ್ಲಿಗೆ ಹೋಗುವಾಗ ಆ ತೂಕದ ಪಟ್ಟಿ, ಫೋಟೋಗಳು ಮತ್ತು ಹಿಂದಿನ ದಿನದ ಹಿಕ್ಕೆ ಬಿದ್ದ ಕಾಗದವನ್ನು ಒಯ್ದರೆ, ಹಕ್ಕಿಯನ್ನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿಯದೆ ಅವರು ಕಾರಣ ಹುಡುಕಲು ಆರಂಭಿಸಬಹುದು.